‘ವಿಷ’ವೇ, ‘ನಂಜು’ ಸಾಕೇ? ಕೀಟಗಳ ಮೇಲೆ ಭಾರಲೋಹದ ಪರಿಣಾಮವನ್ನು ಹೇಳುವ ಪದದ ಬಗ್ಗೆ

ಮಾನ್ಯರೇ,

ಮಂಗಳೂರಿನಲ್ಲಿ ನಾವು ಕೆಲವರು ಅಡಿಕೆ ಬೆಳೆಗಾರರಿಗೂ ಜೇನು ಸಾಕುವವರಿಗೂ ಉಪಯೋಗವಾಗುವಂತೆ, ಭಾರಲೋಹಗಳಿಂದ ಕೀಟಗಳಿಗೆ ಆಗುವ ತೊಂದರೆಯನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅದರ ಮುಖ್ಯ ಪದವೇ ಇನ್ನೂ ಇತ್ಯರ್ಥವಾಗಿಲ್ಲ.

‘ವಿಷ’ ಎಂದೊಡನೆ ಓದುಗರಿಗೆ ಹೊಳೆಯುವುದು ಸಾವು. ಆದರೆ ತೋಟದ ಮಣ್ಣಿನಲ್ಲೋ ಚರಂಡಿಯ ಕೆಸರಿನಲ್ಲೋ ಇರುವ ಕ್ಯಾಡ್ಮಿಯಂ, ಸೀಸ, ತಾಮ್ರದಂಥ ಭಾರಲೋಹಗಳು ಎಷ್ಟೋ ಸಲ ಕೀಟವನ್ನು ಕೊಲ್ಲುವಷ್ಟು ಪ್ರಮಾಣದಲ್ಲಿರುವುದಿಲ್ಲ. ಹುಳು ಬದುಕಿಯೇ ಇರುತ್ತದೆ; ಅದು ಬೆಳೆದು ಕೋಶಾವಸ್ಥೆಗೆ (ಪ್ಯೂಪಾ ಹಂತಕ್ಕೆ) ಬರಲು ಹೆಚ್ಚು ದಿನ ಹಿಡಿಯುತ್ತದೆ, ಕೋಶದ ತೂಕ ಇಳಿಯುತ್ತದೆ, ಹೆಣ್ಣು ಇಡುವ ಮೊಟ್ಟೆಗಳು ಕಡಿಮೆಯಾಗುತ್ತವೆ. ಕ್ಯಾಡ್ಮಿಯಂ ಪ್ರೋಟೀನುಗಳ ಗಂಧಕವಿರುವ ಭಾಗಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತದೆ. ಅದನ್ನು ತಡೆಯಲು ಕೀಟದ ನಡುಗರುಳಿನ ಜೀವಕೋಶಗಳು ಮೆಟಲೋಥಯೊನೀನ್ ಎಂಬ ಪ್ರೋಟೀನನ್ನು ತಯಾರಿಸಿ ಲೋಹವನ್ನು ಕಟ್ಟಿಹಾಕುತ್ತವೆ. ಬೆಳವಣಿಗೆಗೂ ಮೊಟ್ಟೆಗೂ ಸಲ್ಲಬೇಕಾದ ಶಕ್ತಿ ಈ ರಕ್ಷಣೆಗೆ ಖರ್ಚಾಗುತ್ತದೆ. ಕೊಳಚೆ ನೀರಿನ ತಳದಲ್ಲಿ ಕಾಣುವ, ಹಿಮೋಗ್ಲೋಬಿನ್‌ನಿಂದಾಗಿ ಕೆಂಪಾಗಿರುವ ಕೈರೊನೊಮಸ್ ನುಸಿಯ ಮರಿಹುಳುವಿನ ತಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಾಯಿಯ ಬಳಿ ಗರಗಸದಂತೆ ಸಾಲಾಗಿರುವ ಹಲ್ಲುಗಳು ಕಾಣುತ್ತವೆ. ಲೋಹ ಸೇರಿದ ಕೆಸರಿನಲ್ಲಿ ಬೆಳೆದ ಹುಳುಗಳಲ್ಲಿ ಈ ಹಲ್ಲುಗಳು ಕೆಲವೆಡೆ ಇಲ್ಲವಾಗಿರುತ್ತವೆ, ಕೆಲವೆಡೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಇಂಥ ಸ್ಥಿತಿಗೆ ‘ವಿಷಬಾಧೆ’ ಎಂಬುದು ತೀರಾ ದೊಡ್ಡ ಮಾತಾಯಿತು. ‘ಹಾನಿ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ತಾಮ್ರದ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಇರುತ್ತದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲವಾದ್ದರಿಂದ ಮಳೆಗೆ ತೊಳೆದು ಕೆಳಗಿಳಿದದ್ದು ಮೇಲ್ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಹಾಗೆಂದು ತಾಮ್ರವನ್ನು ವಿಷವೆಂದು ಬರೆದುಬಿಡುವಂತಿಲ್ಲ; ಕೀಟದ ಹೊರಕವಚ ಗಟ್ಟಿಯಾಗಲು ನೆರವಾಗುವ ಕಿಣ್ವಗಳಿಗೇ ಅದು ಬೇಕು. ತುತ್ತು ಬಿಡುವ, ಎಂದರೆ ಈ ದ್ರಾವಣ ಸಿಂಪಡಿಸುವ, ಬೆಳೆಗಾರರು ನಮ್ಮ ಹೊತ್ತಗೆಯನ್ನು ಓದಿ ಗಾಬರಿಯಾಗಬಾರದು. ‘ಹುಳ ಸಾಯಲಿಲ್ಲವಲ್ಲ’ ಎಂದು ವಿಷಯವನ್ನು ಅಲ್ಲಿಗೇ ಬಿಡಲೂಬಾರದು.

ಆದ್ದರಿಂದ ‘ನಂಜು’ ಎಂಬ ಪದ ಹೊಂದೀತೆಂದು ನನಗೆ ತೋರುತ್ತದೆ. ನಮ್ಮ ಕರಾವಳಿಯಲ್ಲಿ ಗಾಯವಾದವರಿಗೆ ‘ಬದನೆ ತಿನ್ನಬೇಡ, ನಂಜು’ ಎಂದು ಹಿರಿಯರು ಹೇಳುತ್ತಾರೆ. ಆ ನಂಬಿಕೆ ವೈದ್ಯಕೀಯವಾಗಿ ಸರಿಯೇ ಎಂಬುದು ಬೇರೆ ವಿಚಾರ. ಮೈಯೊಳಗೆ ಸೇರಿ, ಕೊಲ್ಲದೆ, ಮಾಯುವುದನ್ನು ಮಾಯಗೊಡದೆ ನಿಧಾನವಾಗಿ ಕೆಡಿಸುವುದು ಎಂಬ ಅರ್ಥವಂತೂ ಆ ಮಾತಿನಲ್ಲಿ ಸ್ಪಷ್ಟವಾಗಿದೆ. ನಮಗೆ ಬೇಕಾದ ಅರ್ಥವೂ ಇದೇ. ಇದಕ್ಕೆ ಬರಬಹುದಾದ ಆಕ್ಷೇಪವೂ ಸಣ್ಣದಲ್ಲ. 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ನಂಜು ಎಂದರೆ ವಿಷವೇ. ನಂಜನಗೂಡಿನ ನಂಜುಂಡೇಶ್ವರ ಉಂಡದ್ದು ಹಾಲಾಹಲವೇ ಹೊರತು ಬದನೆಕಾಯಿಯ ನಂಜಲ್ಲ. ಮೈಸೂರು ಸೀಮೆಯವರಿಗೆ ಈ ಎರಡು ಪದಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ ನಮ್ಮ ಆಯ್ಕೆ ಕೆಲಸಕ್ಕೆ ಬಾರದು. ‘ಉಪಮಾರಕ’ (ಕೊಲ್ಲುವ ಮಟ್ಟಕ್ಕಿಂತ ಕೆಳಗಿನದು) ಎಂದು ಸಂಸ್ಕೃತದಿಂದ ಕಟ್ಟಿಕೊಳ್ಳಬಹುದಾದರೂ ತೋಟದಲ್ಲಿ ಕೆಲಸ ಮಾಡುವವರಿಗೆ ಅದು ತಲುಪುತ್ತದೆಂಬ ಭರವಸೆ ನನಗಿಲ್ಲ.

ಇದರ ಜೊತೆಗೆ ಇನ್ನೊಂದು ಸಣ್ಣ ಸಂದೇಹವಿದೆ. ಜೀವಿಯೊಂದು ಇಂಥ ವಸ್ತುವಿನ ಸಂಪರ್ಕಕ್ಕೆ ಬರುವುದನ್ನು ಹೇಳುವ ‘ಎಕ್ಸ್‌ಪೋಷರ್’ ಎಂಬುದಕ್ಕೆ ‘ಒಡ್ಡಿಕೊಳ್ಳುವಿಕೆ’ ಎಂದು ಬರೆಯುವ ರೂಢಿಯಿದೆ. ತಿಂದ ಎಲೆಯಿಂದಲೋ ಮಣ್ಣಿನಿಂದಲೋ ಲೋಹವನ್ನು ಪಡೆಯುವ ಹುಳು ತಾನಾಗಿ ಒಡ್ಡಿಕೊಂಡದ್ದಲ್ಲ. ‘ಸೋಂಕು’ ಎನ್ನೋಣವೆಂದರೆ ಅದೀಗ ರೋಗಾಣುಗಳಿಗೆ ಮೀಸಲಾಗಿಬಿಟ್ಟಿದೆ. ‘ಲೋಹ ತಾಗಿದ ಹುಳು’ ಎಂದರೆ ಸಾಲದೇ?

ಘಟ್ಟದ ಮೇಲಿನವರು, ಉತ್ತರ ಕರ್ನಾಟಕದವರು ತಮ್ಮ ಮನೆಮಾತಿನಲ್ಲಿ ‘ನಂಜು’ ಪದವನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆ, ‘ತಾಮ್ರದ ನಂಜು’ ಎಂದು ಓದಿದಾಗ ಹುಳು ಸತ್ತಿತೆಂದು ತಿಳಿಯುತ್ತಾರೆಯೋ ಸೊರಗಿತೆಂದು ತಿಳಿಯುತ್ತಾರೆಯೋ ಎಂಬುದನ್ನು ದಯವಿಟ್ಟು ಉದಾಹರಣೆಯೊಡನೆ ತಿಳಿಸಬೇಕೆಂದು ಕೋರುತ್ತೇನೆ.