ಕಮಿಟ್ ಷರಾ: ‘ತಿದ್ದು’, ‘ತಿದ್ದಿ’, ‘ತಿದ್ದಿದೆ’ – ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ಒಂದು ಕ್ರಿಯಾಪದದ ಜಗಳಕ್ಕೆ ನಿಮ್ಮ ಪಂಚಾಯ್ತಿ ಬೇಕಿದೆ.

ನಾವು ನಾಲ್ಕು ಜನ ಬಿಡುವಾದಾಗ ಕನ್ನಡ ಕಾಗುಣಿತ ತಿದ್ದುವ ಒಂದು ತಂತ್ರಾಂಶ ಬರೆಯುತ್ತಿದ್ದೇವೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನುವ ತಂತ್ರಾಂಶದಲ್ಲಿ ನಮ್ಮ ಕೋಡ್ ಇದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೋಡಿನ ಒಂದೊಂದು ಬದಲಾವಣೆಯನ್ನು ದಾಖಲು ಮಾಡುವುದೇ ಕಮಿಟ್, ಏನು ಬದಲಿಸಿದ್ದು, ಯಾಕೆ ಅಂತ ಅದರ ಜೊತೆ ಬರೆಯಬೇಕು. ಕಮಿಟ್‌ಗೆ ಕನ್ನಡ ಪದ ಬೇಕೇಬೇಕು ಅನ್ನುವ ಹಟ ನನಗಿಲ್ಲ (‘ಬದ್ಧತೆ’ ಅಂತೂ ದಯವಿಟ್ಟು ಬೇಡ). ಆ ಬರಹಕ್ಕೆ ಮಾತ್ರ ‘ಷರಾ’ ಅನ್ನುತ್ತಿದ್ದೇವೆ, ಕಚೇರಿ ಫೈಲಿನಲ್ಲಿ ಬರೆಯುತ್ತಾರಲ್ಲ, ಅದೇ.

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಕೆಲಸಕ್ಕಾಗಿ ಗಿಟ್ ಶುರುಮಾಡಿದರು. ಷರಾ ಬರೆಯುವಾಗ ಕೋಡಿಗೇ ಅಪ್ಪಣೆ ಕೊಡುವ ಹಾಗೆ ಬರೆಯಿರಿ ಅಂತ ಗಿಟ್ ಯೋಜನೆಯ ಸೂಚನೆಯಲ್ಲೇ ಇದೆ. ಇಂಗ್ಲಿಷಿನಲ್ಲಿ ಅದು ಸಲೀಸು. ಕನ್ನಡದಲ್ಲಿ?

‘ಹಳೇ ಫಾಂಟ್ ಅಳಿಸಿ’ ಅಂತ ಒಬ್ಬರು ಬರೆದರು. ಅದು ವಿನಂತಿ ಅಂದುಕೊಂಡ ನಮ್ಮ ಹೊಸ ಹುಡುಗ, ಅಳಿಸಿಯೇ ಆಗಿದ್ದ ಫಾಂಟನ್ನು ಅರ್ಧ ಗಂಟೆ ಹುಡುಕಿದ. ನನಗೋ ಅದು ಅರ್ಧಕ್ಕೆ ನಿಂತ ವಾಕ್ಯದ ಹಾಗೆ ಕಾಣುತ್ತದೆ, ಅಳಿಸಿ... ಆಮೇಲೆ? ‘ಉಪ್ಪು ಹಾಕಿ’ ಅಂತ ಅಡುಗೆ ಪುಸ್ತಕದಲ್ಲಿದ್ದರೆ ಯಾರಿಗೂ ಗೊಂದಲವಿಲ್ಲ, ಹಿಂದೆ ಮುಂದೆ ಸಾಲುಗಳಿರುತ್ತವೆ. ಷರಾ ಒಂಟಿ ಸಾಲು. ‘ಅಳಿಸಿದೆ’ ಅಂದರೂ ನಾನು ಅಳಿಸಿದೆನೋ, ಅಳಿಸಿ ಇದೆಯೋ? ‘ಬಾಗಿಲು ಹಾಕಿದೆ’ ಅನ್ನುವ ಹಾಗೆಯೇ ಎರಡೂ ಆಗುತ್ತದೆ, ಆದರೆ ಕೆಲಸ ಮುಗಿದಿದೆ ಅನ್ನುವುದಾದರೂ ಗೊತ್ತಾಗುತ್ತದೆ ಅಲ್ವಾ? ‘ಅಳಿಸಲಾಗಿದೆ’ ಅಂದರೆ ಸುತ್ತೋಲೆ ವಾಸನೆ, ಜೊತೆಗೆ ಉದ್ದ. ಮೊದಲ ಸಾಲು 50 ಅಕ್ಷರದೊಳಗಿರಲಿ ಅನ್ನುವ ರೂಢಿ ಬೇರೆ ಇದೆ, ವ್ಯಂಜನ, ಹಲಂತ, ಸ್ವರಚಿಹ್ನೆ ಎಲ್ಲ ಬೇರೆಬೇರೆ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ‘ಸ್ತ್ರೀ’ ಒಂದಕ್ಕೇ 6 ಖರ್ಚು!

ನನ್ನ ಓಟು ‘ಅಳಿಸು’ಗೆ. ಕೋಡಿಗೆ ಬಹುವಚನ ಯಾಕೆ ಬೇಕು? ಆದರೆ ತಂಡದ ಹಿರಿಯರೊಬ್ಬರು, ‘ಬೆಳಗ್ಗೆ ಎದ್ದು ನೋಡಿದರೆ ತಿದ್ದು, ಅಳಿಸು, ಸೇರಿಸು ಅಂತ ನನಗೇ ಗದರಿಸಿದ ಹಾಗಿರುತ್ತೆ’ ಅಂದರು.

ಇನ್ನೊಂದು ತೊಡಕು ನನ್ನದೇ ತಪ್ಪಿನಿಂದ ಗೊತ್ತಾಯಿತು. ಒಂದು ಕಮಿಟ್‌ಗೆ ಒಂದೇ ಕೆಲಸ ಅನ್ನುವುದು ಮೊದಲ ಪಾಠ. ಇಂಗ್ಲಿಷಿನಲ್ಲಿ ಎರಡು ಕೆಲಸ ತುರುಕಿದರೆ ನಡುವೆ ‘ಆ್ಯಂಡ್’ ಬಂದು ಕಣ್ಣಿಗೆ ಹೊಡೆಯುತ್ತದೆ. ಕನ್ನಡದಲ್ಲಿ ಆ ಕಾವಲೇ ಇಲ್ಲ. ಹೋದ ತಿಂಗಳು ‘ಫಾಂಟ್ ಬದಲಿಸಿ ಪದಪಟ್ಟಿ ತಿದ್ದಿದೆ’ ಅಂತ ಸುಮ್ನೆ ಒಂದೇ ಉಸಿರಿಗೆ ಬರೆದುಬಿಟ್ಟೆ, ಒಂದೇ ಕೆಲಸದ ಹಾಗೆ ಕಂಡಿತು. ವಾರದ ಮೇಲೆ ಆ ಫಾಂಟ್ ಬೇಡವಾಯಿತು, ಕಮಿಟ್ ರಿವರ್ಟ್ ಮಾಡಿದೆವು (ಅಂದರೆ ಆ ಬದಲಾವಣೆಯನ್ನು ಪೂರ್ತಿ ವಾಪಸ್ ತೆಗೆದೆವು), ಪದಪಟ್ಟಿಯ ತಿದ್ದುಪಡಿಗಳೂ ಜೊತೆಯಲ್ಲೇ ಹೋದವು. ಅದಕ್ಕೇ ಈಗ ಒಂದು ಷರಾದಲ್ಲಿ ಒಂದೇ ಕ್ರಿಯಾಪದ ಅಂತ ನಿಯಮ ಮಾಡಿಕೊಂಡಿದ್ದೇವೆ. ಅದರ ರೂಪ ಯಾವುದು ಅನ್ನುವುದಷ್ಟೇ ಬಾಕಿ.

ಕಂದಾಯ ಇಲಾಖೆಯಲ್ಲೋ ಅಂಗಡಿ ಕಿರ್ದಿಯಲ್ಲೋ ಷರಾ ಬರೆದು ಕೈ ಪಳಗಿದವರು ಇಲ್ಲಿ ಇದ್ದೀರಾ? ನೀವು ‘ತಿದ್ದಿದೆ’ ಅಂತ ಬರೆಯುತ್ತಿದ್ದಿರೋ, ಬರೀ ‘ತಿದ್ದುಪಡಿ’ ಅಂತಲೋ?