ರೋಮನ್ ನಾಣ್ಯದ ‘ಎಸ್ ಸಿ’: ಅಪ್ಪಣೆಯೋ, ಠರಾವೋ?

ಗೆಳೆಯರಿಗೆ ನಮಸ್ಕಾರ.

ಅಗಸ್ಟಸ್ ಕಾಲದ ರೋಮನ್ ನಾಣ್ಯಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು.

ಆಗಿನ ‘ಆಸ್’ ಎಂಬ ಚಿಲ್ಲರೆ ನಾಣ್ಯದ ಹಿಂಬದಿ ನೋಡಿ. ನಟ್ಟನಡುವೆ ‘ಎಸ್ ಸಿ’ ಎಂಬ ಎರಡೇ ದಪ್ಪಕ್ಷರ, ಸುತ್ತಲೂ ಟಂಕಸಾಲೆ ಅಧಿಕಾರಿಯ ಹೆಸರು. ‘ಸೆನಾಟುಸ್ ಕೊನ್ಸುಲ್ಟೊ’ ಎಂಬುದರ ಮೊದಲಕ್ಷರಗಳಿವು. ‘ಸೆನೆಟ್ಟಿನ ಅಪ್ಪಣೆಯಿಂದ’ ಎಂದು ಬರೆದರೆ ಸಾಕಲ್ವಾ ಅನ್ನಬಹುದು. ನನಗೆ ಅದು ಒಪ್ಪುತ್ತಿಲ್ಲ.

ಅಪ್ಪಣೆ ಅಂದರೆ ಮೇಲಿನವರು ಕೆಳಗಿನವರಿಗೆ ಕೊಡುವುದು. ಹಾಗೆ ಬರೆದರೆ ಚಿಲ್ಲರೆ ನಾಣ್ಯದ ಅಧಿಕಾರ ಪೂರ್ತಿ ಸೆನೆಟ್ಟಿನ ಕೈಯಲ್ಲಿತ್ತು ಎಂದಾಗುತ್ತದೆ. 19ನೇ ಶತಮಾನದಲ್ಲಿ ಜರ್ಮನ್ ಇತಿಹಾಸಕಾರ ಮಾಮ್ಸೆನ್ ಹೇಳಿದ್ದೂ ಅದೇ: ಚಿನ್ನ, ಬೆಳ್ಳಿ ಚಕ್ರವರ್ತಿಯದು, ಉಳಿದದ್ದು ಸೆನೆಟ್ಟಿನದು. ಆದರೆ ನಾಣ್ಯಗಳೇ ಇದಕ್ಕೆ ಅಡ್ಡ ಬರುತ್ತವೆ. ಲುಗ್ಡುನುಮ್‌ನಲ್ಲಿ, ಅಂದರೆ ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ, ಅಗಸ್ಟಸ್ ಹೊರಡಿಸಿದ ಬಲಿಪೀಠದ ಚಿತ್ರದ ಚಿಲ್ಲರೆ ನಾಣ್ಯಗಳಲ್ಲಿ ‘ಎಸ್ ಸಿ’ ಇಲ್ಲ. ಚಕ್ರವರ್ತಿ ನೀರೋನ ಮೊದಲ ವರ್ಷಗಳ ಚಿನ್ನ, ಬೆಳ್ಳಿಯ ಮೇಲೆ ‘ಎಕ್ಸ್ ಎಸ್ ಸಿ’ (‘ಎಕ್ಸ್’ ಅಂದರೆ ‘ಪ್ರಕಾರ’) ಇದೆ! ಸೆಸ್ಟರ್ಷಿಯಸ್ ಎಂಬ ದೊಡ್ಡ ಚಿಲ್ಲರೆ ನಾಣ್ಯದ ಮೇಲಿನ ಓಕ್ ಎಲೆಯ ಹಾರ ಕ್ರಿ.ಪೂ. 27ರಲ್ಲಿ ಸೆನೆಟ್ಟು ಅಗಸ್ಟಸ್‌ಗೆ ಕೊಟ್ಟ ಗೌರವ. ಈ ಎರಡಕ್ಷರ ಆ ಗೌರವವನ್ನೇ ಸೂಚಿಸುತ್ತದೆ ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗಂತ ಸೆನೆಟ್ಟು ಸುಮ್ನೆ ಹೆಸರಿಗಿತ್ತು ಎನ್ನುವಂತೆಯೂ ಇಲ್ಲ. ಕ್ರಿ.ಶ. 43ರಲ್ಲಿ ಹಿಂದಿನ ಚಕ್ರವರ್ತಿ ಕ್ಯಾಲಿಗುಲಾನ ಮುಖವಿದ್ದ ಚಿಲ್ಲರೆ ನಾಣ್ಯಗಳನ್ನು ಕರಗಿಸಲು ಸೆನೆಟ್ಟು ಗೊತ್ತುಮಾಡಿತು ಎಂದು ಪ್ರಾಚೀನ ಇತಿಹಾಸಕಾರ ಡಿಯೋ ಬರೆದಿದ್ದಾನೆ.

ನಿಯಮದ ಪ್ರಕಾರ ‘ಕೊನ್ಸುಲ್ಟುಮ್’ ಅಂದರೆ ಸೆನೆಟ್ಟು ಅಧಿಕಾರಿಗಳಿಗೆ ಕೊಡುವ ಸಲಹೆ. ನಡೆಯುತ್ತಿದ್ದದ್ದು ಮಾತ್ರ ಆದೇಶದಷ್ಟೇ ಬಲವಾಗಿ. ಅದಕ್ಕೇ ‘ಸಲಹೆ’ ಸಪ್ಪೆಯಾಯಿತು, ‘ಅಪ್ಪಣೆ’ ಜಾಸ್ತಿಯಾಯಿತು. ನನಗೆ ಹಿಡಿಸಿದ್ದು ‘ಠರಾವು’. ಸಭೆ ಸೇರಿ, ಚರ್ಚಿಸಿ, ಪಾಸು ಮಾಡಿದ್ದು ಎಂಬ ಅರ್ಥ ಅದರಲ್ಲೇ ಇದೆ. ನಗರಸಭೆಯವರು ಇವತ್ತಿಗೂ ಬಳಸುವ ಪದ.

ಜೊತೆಗೆ ಇನ್ನೊಂದು ಚಿಕ್ಕ ತೊಡಕು. ಇವನ್ನೆಲ್ಲ ‘ಕಂಚಿನ ನಾಣ್ಯ’ ಅನ್ನುವ ರೂಢಿಯಿದೆ. ಆದರೆ ಸೆಸ್ಟರ್ಷಿಯಸ್, ಡುಪಾಂಡಿಯಸ್ ಹಿತ್ತಾಳೆಯವು, ಆಸ್ ತಾಮ್ರದ್ದು. ಡುಪಾಂಡಿಯಸ್ ಗಾತ್ರದಲ್ಲಿ ಹೆಚ್ಚುಕಡಿಮೆ ಆಸ್‌ನಷ್ಟೇ, ಬೆಲೆ ಎರಡರಷ್ಟು. ಕೈಗೆ ಬಂದದ್ದು ಯಾವುದು ಎಂದು ಹಳದಿಯೋ ಕೆಂಪೋ ನೋಡಿ ತಿಳಿಯಬೇಕಿತ್ತು. ಹಾಗಾಗಿ ‘ತಾಮ್ರ–ಹಿತ್ತಾಳೆ ನಾಣ್ಯ’ ಎಂದೇ ಬರೆಯುತ್ತಿದ್ದೇನೆ.

‘ಸೆನೆಟ್ಟಿನ ಠರಾವಿನಂತೆ’ ಎಂದರೆ ಹಳೆ ಮೈಸೂರು ಕಡೆಯ ಓದುಗರಿಗೂ ತಟ್ಟನೆ ತಿಳಿಯುತ್ತದೆಯೇ? ಅಥವಾ ‘ನಿರ್ಣಯ’ವೇ ವಾಸಿಯೇ?