16 ಬಣ್ಣಕ್ಕೆ ಇಳಿಸಿದರೆ ತಿಲಕದ ಕೆಂಪು ಕಂದಾಗುತ್ತಿದೆ

ಚುಕ್ಕಿಗೆರೆ:
ಯಕ್ಷಗಾನ ವೇಷದ ಫೋಟೊ, 800×480 ಪಿಕ್ಸೆಲ್. ಚಿಕ್ಕ ಡಿಸ್‌ಪ್ಲೇ ಬೋರ್ಡಿಗೆ ಹಾಕಬೇಕು, ಚಿತ್ರಕ್ಕಿರುವ ಜಾಗ 256 ಕೆಬಿ. ಕಂಪ್ರೆಸ್ ಮಾಡದೆ 256 ಬಣ್ಣಕ್ಕೆ 3,84,000 ಬೈಟ್ ಬೇಕು, ಹಿಡಿಸಲ್ಲ. 16 ಬಣ್ಣವಾದರೆ ಎರಡು ಪಿಕ್ಸೆಲ್‌ಗೆ ಒಂದೇ ಬೈಟ್, 1,92,000ಕ್ಕೆ ಮುಗಿಯುತ್ತೆ. ಆದರೆ ಜಿಂಪ್‌ನಲ್ಲಿ (ಚಿತ್ರ ತಿದ್ದುವ ತಂತ್ರಾಂಶ) ಇಂಡೆಕ್ಸ್ಡ್ ಮಾಡಿದ, ಅಂದರೆ ಚಿತ್ರವನ್ನು ಎಣಿಸಿದಷ್ಟೇ ಬಣ್ಣಗಳ ಪಟ್ಟಿಗೆ ಇಳಿಸಿದ ಕೂಡಲೇ ಹಣೆಯ ತಿಲಕ ಕಂದು, ಹಿಂದಿನ ನೀಲಿ ಪರದೆ ಪಟ್ಟೆ ಪಟ್ಟೆ. ಡಿದರಿಂಗ್ (ಇರುವ ಬಣ್ಣಗಳ ಚುಕ್ಕಿ ಬೆರೆಸಿ ನಡುವಿನ ಬಣ್ಣದ ಭ್ರಮೆ ತರುವುದು) ಹಾಕಿದರೆ ಪಟ್ಟೆ ಹೋಗುತ್ತೆ, ಮುಖಕ್ಕೆ ಮರಳು ಎರಚಿದ ಹಾಗಾಗುತ್ತೆ. ದಾರಿ ಇದೆಯಾ?

ಬಣ್ಣದಪೆಟ್ಟಿಗೆ:
ಇದೆ. ಜಿಂಪ್ ಪ್ಯಾಲೆಟ್ (ಆ 16 ಬಣ್ಣಗಳ ಪಟ್ಟಿ) ಆರಿಸುವುದು ಮೀಡಿಯನ್ ಕಟ್ ಬಗೆಯ ಲೆಕ್ಕದಲ್ಲಿ (ಹೆಕ್‌ಬರ್ಟ್ 1982ರಲ್ಲಿ ಪ್ರಕಟಿಸಿದ್ದು): ಚಿತ್ರದ ಬಣ್ಣಗಳನ್ನು ಗುಂಪುಗಳಾಗಿ ಸೀಳುತ್ತಾ ಹೋಗಿ, ಗುಂಪಿಗೊಂದು ಸರಾಸರಿ ಬಣ್ಣ ಕೊಡುತ್ತದೆ. ಅಲ್ಲಿ ಯಾವ ಬಣ್ಣದ ಪಿಕ್ಸೆಲ್ ಜಾಸ್ತಿಯೋ ಅದಕ್ಕೇ ಮಣೆ. ತಿಲಕ 12×30 ಇದ್ದರೆ ಬರೀ 360 ಪಿಕ್ಸೆಲ್, ಇಡೀ ಚಿತ್ರದ ಶೇ. 0.1 ಕೂಡ ಇಲ್ಲ. ಪರದೆಯ ನೀಲಿಗಳೇ ಪ್ಯಾಲೆಟ್‌ನ ಮನೆಗಳನ್ನೆಲ್ಲ ಹಿಡಿದುಕೊಂಡವು, ಕೆಂಪು ಪಕ್ಕದ ಮೈಬಣ್ಣದ ಜೊತೆ ಸರಾಸರಿಯಾಗಿ ಕಂದಾಯಿತು.

ಚಿತ್ರದ ನಕಲು ಮಾಡಿ. ತಿಲಕದ ಕೆಂಪನ್ನು ಕಲರ್ ಪಿಕರ್‌ನಲ್ಲಿ ಎತ್ತಿ, ನಕಲಿನ ಅಂಚಿನ ಪರದೆ ಮೇಲೆ 80×480ರ ಪಟ್ಟಿ ತುಂಬಿ. ಶೇ. 10 ಪಿಕ್ಸೆಲ್ ಕೆಂಪಾದ ಮೇಲೆ ಅದನ್ನು ಬಿಡಲು ಲೆಕ್ಕಕ್ಕೆ ಆಗಲ್ಲ. ಈ ನಕಲನ್ನು 16 ಬಣ್ಣಕ್ಕೆ ಇಂಡೆಕ್ಸ್ಡ್ ಮಾಡಿ, ಪ್ಯಾಲೆಟ್ಸ್ ಡೈಲಾಗ್‌ನಲ್ಲಿ ಇಂಪೋರ್ಟ್ ಪ್ಯಾಲೆಟ್ ಕೊಟ್ಟು ಆ ಬಣ್ಣಗಳನ್ನು ಉಳಿಸಿಕೊಳ್ಳಿ. ನಂತರ ಮೂಲ ಚಿತ್ರಕ್ಕೆ ಕಸ್ಟಮ್ ಪ್ಯಾಲೆಟ್ ಆಗಿ ಅದನ್ನೇ ಕೊಡಿ. ಬಳಸದ ಬಣ್ಣ ತೆಗೆಯುವ ಟಿಕ್ ಇರಕೂಡದು, ಇದ್ದರೆ ಬಣ್ಣದ ಕ್ರಮಸಂಖ್ಯೆಗಳೇ ಬದಲಾಗಬಹುದು.

ಜರತಾರಿ:
ಮೇಲಿನದು ಸರಿ. ಮರಳಿನ ವಿಷಯಕ್ಕೆ ಬಂದರೆ, ಫ್ಲಾಯ್ಡ್–ಸ್ಟೈನ್‌ಬರ್ಗ್ ಎಂಬ ಡಿದರಿಂಗ್ ವಿಧಾನ ಪ್ರತಿ ಪಿಕ್ಸೆಲ್‌ನ ತಪ್ಪನ್ನು (ಮೂಲ ಬಣ್ಣಕ್ಕೂ ಪ್ಯಾಲೆಟ್ ಬಣ್ಣಕ್ಕೂ ಇರುವ ವ್ಯತ್ಯಾಸ) ಪಕ್ಕದ ಪಿಕ್ಸೆಲ್‌ಗಳಿಗೆ, ಬಲಕ್ಕೆ 7/16, ಕೆಳಗೆ ಎಡಕ್ಕೆ 3/16, ನೇರ ಕೆಳಗೆ 5/16, ಕೆಳಗೆ ಬಲಕ್ಕೆ 1/16 ಹಂಚುತ್ತದೆ. ಪರದೆಗೆ ಅದು ವರ, ಮುಖಕ್ಕೆ ಬೇಡ. ಅದಕ್ಕೇ ಎರಡು ಪ್ರತಿ ಮಾಡಿ: ಒಂದು ಡಿದರಿಂಗ್ ಇಲ್ಲದೆ, ಒಂದು ಡಿದರಿಂಗ್ ಜೊತೆ. ಎರಡಕ್ಕೂ ಅದೇ ಪ್ಯಾಲೆಟ್. ಮೊದಲನೆಯದರಿಂದ ಮುಖ, ಕಿರೀಟ ಕತ್ತರಿಸಿ ಎರಡನೆಯದರ ಮೇಲೆ ಅದೇ ಜಾಗಕ್ಕೆ ಅಂಟಿಸಿ. ಆಯ್ಕೆಯ ಅಂಚನ್ನು ನಯ ಮಾಡುವ ಫೆದರ್, ಆಂಟಿಅಲಿಯಾಸಿಂಗ್ ಎರಡೂ ಆಫ್ ಇರಲಿ.

ಚುಕ್ಕಿಗೆರೆ:
ತಿಲಕ ಬಂತು! ಮೂಲ ಫೋಟೊ ದೊಡ್ಡದೇ ಇದೆ. ಇಂಡೆಕ್ಸ್ಡ್ ಮಾಡಿದ ಮೇಲೆ ಚಿಕ್ಕದು ಮಾಡಬಹುದಾ?

ಬಣ್ಣದಪೆಟ್ಟಿಗೆ:
ಬೇಡವೇ ಬೇಡ. ಇಂಡೆಕ್ಸ್ಡ್‌ನಲ್ಲಿ ಪಕ್ಕದ ಬಣ್ಣಗಳ ನಡುವಿನ ಬಣ್ಣ ಹುಟ್ಟಿಸಲು ಬರುವುದಿಲ್ಲ, ಪಿಕ್ಸೆಲ್‌ಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಡಿದರ್ ಚುಕ್ಕಿಗಳು ಕಲಸಿಹೋಗುತ್ತವೆ, ಕಣ್ಣಿನ ಗೆರೆ ತುಂಡಾಗುತ್ತದೆ. ಆರ್‌ಜಿಬಿಯಲ್ಲೇ (ಬಣ್ಣ ಕಡಿಮೆ ಮಾಡುವ ಮುಂಚಿನ ಪೂರ್ಣ ಬಣ್ಣದ ರೂಪ) 800×480ಕ್ಕೆ ಇಳಿಸಿ, ಇಂಡೆಕ್ಸ್ಡ್ ಕೊನೆಯ ಕೆಲಸ.